ಮೊದಲು ಪ್ರಶ್ನೆ, ಆಮೇಲೆ ಕೋರ್ಸು

‘ಪರಿಸರದಲ್ಲಿ ಎಂ.ಎಸ್ಸಿ. ಮಾಡ್ಬೇಕು, ಯಾವ ಕಾಲೇಜು ಒಳ್ಳೇದು?’ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದಲ್ಲಿ ಪದವಿ ಮುಗಿಸುತ್ತಿರುವವರು ಹೀಗೆ ಕೇಳುತ್ತಾರೆ. ಕೇಳಬೇಕಾದ್ದು ಇದಲ್ಲ. ಮನುಷ್ಯ ಈ ಭೂಮಿಗೆ ಏನು ಮಾಡುತ್ತಿದ್ದಾನೆ ಎಂಬ ಓದು ಒಂದೇ ವಿಭಾಗದಲ್ಲಿ ಕೂತಿಲ್ಲ. ಮಳೆಯದು ಒಂದು ಕಡೆ, ಆನೆಯದು ಇನ್ನೊಂದು ಕಡೆ, ಜಮೀನಿನ ಕಾನೂನಿನದು ಮತ್ತೊಂದು ಕಡೆ. ನಿಮ್ಮನ್ನು ಕಾಡುವ ಪ್ರಶ್ನೆ ಯಾವುದು ಎಂದು ಮೊದಲು ಗೊತ್ತಾದರೆ ಕಾಲೇಜಿನ ಹೆಸರು ತಾನಾಗಿಯೇ ಹೊಳೆಯುತ್ತದೆ.

‘ಆಂಥ್ರೊಪೊಸೀನ್’, ಅಂದರೆ ಮನುಷ್ಯನೇ ಭೂಮಿಯನ್ನು ಬದಲಿಸುತ್ತಿರುವ ಯುಗ, ಎಂಬ ಹೆಸರಿನ ಹಿಂದೆ ಬೀಳಬೇಡಿ. 2000ದಲ್ಲಿ ಪಾಲ್ ಕ್ರುಟ್ಜನ್ ಮತ್ತು ಯೂಜೀನ್ ಸ್ಟೋರ್ಮರ್ ಚಾಲ್ತಿಗೆ ತಂದ ಆ ಹೆಸರನ್ನು ಹೊಸ ಭೂಯುಗವೆಂದು ಒಪ್ಪಲು ಭೂವಿಜ್ಞಾನಿಗಳ ಅಂತರರಾಷ್ಟ್ರೀಯ ಒಕ್ಕೂಟ 2024ರ ಮಾರ್ಚ್‌ನಲ್ಲಿ ನಿರಾಕರಿಸಿತು. ಚರ್ಚೆ ಸ್ವಾರಸ್ಯದ್ದೇ, ಆದರೆ ನಿಮ್ಮ ಅರ್ಜಿಗೆ ಅದರಿಂದ ಏನೂ ಆಗಬೇಕಿಲ್ಲ.

ಮನೆಯ ಮಳೆ ಡೈರಿ ತೆಗೆಯಿರಿ

ಕೊಡಗಿನ ಅನೇಕ ಕಾಫಿ ತೋಟಗಳಲ್ಲಿ ಮಳೆಮಾಪಕ ಇದೆ. ಇಂಚು, ಸೆಂಟಿನಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ದಿನದಿನದ ಮಳೆ ಬರೆದಿಟ್ಟ ಡೈರಿಗಳು ಅಜ್ಜನ ಕಾಲದಿಂದ ಅಟ್ಟದ ಮೇಲಿರುತ್ತವೆ. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಕೇಳಿ.

ಕಂಪ್ಯೂಟರಿನಲ್ಲಿ ದಿನಕ್ಕೊಂದು ಸಾಲಿನಂತೆ ಏರಿಸಿ, ಇಂಚನ್ನು 25.4ರಿಂದ ಗುಣಿಸಿದರೆ ಮಿಲಿಮೀಟರ್ ಸಿಗುತ್ತದೆ. ಬರೆಯದೆ ಬಿಟ್ಟ ದಿನಕ್ಕೆ ಸೊನ್ನೆ ಹಾಕಬೇಡಿ, ಖಾಲಿ ಬಿಡಿ. ‘ಮಳೆ ಬರಲಿಲ್ಲ’ ಮತ್ತು ‘ಯಾರೂ ಅಳೆಯಲಿಲ್ಲ’ ಒಂದೇ ಅಲ್ಲ. ಇಲ್ಲಿ ಎಡವಿದರೆ ಮುಂದಿನ ಲೆಕ್ಕವೆಲ್ಲ ಹಾಳು. ಎಷ್ಟು ಗಂಟೆಗೆ ಅಳೆಯುತ್ತಿದ್ದರು ಎಂದೂ ಕೇಳಿಕೊಳ್ಳಿ. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ, ತೋಟದಲ್ಲಿ ಆ ಹೊತ್ತೇ ಇರಬೇಕೆಂದಿಲ್ಲ.

ಈಗ ಎಣಿಸಿ. ವರ್ಷದ ಒಟ್ಟು ಮಳೆ ಎಷ್ಟು? 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನಗಳೆಷ್ಟು? ಒಂದೇ ದಿನ 204.5 ಮಿ.ಮೀ., ಅಂದರೆ ಸುಮಾರು ಎಂಟು ಇಂಚು ದಾಟಿದ್ದು ಎಷ್ಟು ಸಲ? ಇಲಾಖೆಯ ಭಾಷೆಯಲ್ಲಿ ಇದು ‘ಅತ್ಯಂತ ಭಾರಿ’ ಮಳೆ. ಒಟ್ಟು ಮಳೆ ಹಾಗೇ ಇದ್ದು, ಅದು ಬೀಳುವ ದಿನಗಳು ಮಾತ್ರ ಕಡಿಮೆಯಾಗಿದ್ದರೆ ಗುಡ್ಡಕ್ಕೂ ತೋಟಕ್ಕೂ ಅದರ ಅರ್ಥವೇ ಬೇರೆ. ಜತೆಗೆ, ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕಾಫಿ ಮೊಗ್ಗು ಅರಳಿಸುವ ಮೊದಲ ಒಂದು ಇಂಚಿನ ಹೂಮಳೆ ಯಾವ ದಿನ ಬಿತ್ತು ಎಂದು ವರ್ಷವಾರು ಬರೆಯಿರಿ. ರೊಬಸ್ಟಾ ಕಾಫಿ ಬೆಳೆಯುವವರಿಗೆ ಈ ತಾರೀಖಿನ ಬೆಲೆ ಹೇಳಿಕೊಡಬೇಕಾಗಿಲ್ಲ.

‘ಮಳೆಯ ಲೆಕ್ಕ ಸರ್ಕಾರದ ಬಳಿಯೇ ಇದೆಯಲ್ಲ’ ಎನ್ನಬಹುದು. ಇದೆ, 1901ರಿಂದಲೇ ಇದೆ. ಆದರೆ ದೇಶವನ್ನು ಕಾಲು ಡಿಗ್ರಿಯ ಚೌಕಗಳಾಗಿ ಹಂಚಿದ ಆ ಅಂಕಿಗಳಲ್ಲಿ ಒಂದೊಂದು ಚೌಕವೂ ಇಪ್ಪತ್ತೈದು ಕಿಲೋಮೀಟರಿಗಿಂತ ಅಗಲ. ಭಾಗಮಂಡಲದಲ್ಲಿ ಜಡಿಮಳೆ ಹೊಡೆಯುವಾಗ ಕುಶಾಲನಗರದಲ್ಲಿ ಬಟ್ಟೆ ಒಣಗುತ್ತಿರುವ ಜಿಲ್ಲೆ ನಮ್ಮದು. ಅಷ್ಟು ದೊಡ್ಡ ಚೌಕ ಈ ವ್ಯತ್ಯಾಸವನ್ನೆಲ್ಲ ಸರಾಸರಿ ಮಾಡಿ ನುಂಗಿಬಿಡುತ್ತದೆ. ಮೂವತ್ತು ವರ್ಷಗಳ ಡೈರಿ ಸಿಕ್ಕಿದರೆ ನಿಮ್ಮ ಕೈಯಲ್ಲಿರುವುದು ದೆಹಲಿಯ ಪ್ರೊಫೆಸರರ ಬಳಿಯೂ ಇಲ್ಲದ ದಾಖಲೆ.

ಮೇಲಿನಿಂದ ಒಮ್ಮೆ ನೋಡಿ

ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತ. ನಿಮ್ಮ ಗ್ರಾಮದ ಹಳೆಯ, ಹೊಸ ಚಿತ್ರಗಳನ್ನು ಅಕ್ಕಪಕ್ಕ ಇಡಿ. ಮಳೆಗಾಲದ್ದರಲ್ಲಿ ಮೋಡ ಬಿಟ್ಟರೆ ಏನೂ ಕಾಣದು, ಡಿಸೆಂಬರ್ ನಂತರದ್ದು ಆರಿಸಿಕೊಳ್ಳಿ.

ಇಲ್ಲೊಂದು ಮೋಸವಿದೆ. ನೆರಳಿನಡಿಯ ಕಾಫಿ ತೋಟ ಮೇಲಿನಿಂದ ಕಾಡಿನ ಹಾಗೆಯೇ ಕಾಣುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯೂ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ಶೇ 10ರಷ್ಟು ಮರದ ನೆರಳಿದ್ದರೆ, ಒಡೆಯ ಯಾರೇ ಆಗಿರಲಿ, ಅದನ್ನು ‘ಅರಣ್ಯ ಹೊದಿಕೆ’ ಎಂದೇ ಎಣಿಸುತ್ತದೆ. ಹಾಗಾಗಿ ಅತ್ತಿ, ಹಲಸು, ಬೀಟೆ ಹೋಗಿ ಹೊರದೇಶದ ಸಿಲ್ವರ್ ಓಕ್ ಬಂದರೂ ನಕ್ಷೆ ಹಸಿರಾಗಿಯೇ ಉಳಿಯಬಹುದು. ಇದನ್ನು ಬಯಲಿಗೆಳೆಯಲು ತೋಟಕ್ಕೆ ನಡೆದು ಮರ ಎಣಿಸದೆ ಬೇರೆ ದಾರಿಯಿಲ್ಲ. ಎಂ.ಎಸ್ಸಿ. ಪ್ರಬಂಧಕ್ಕೆ ಇದೊಂದೇ ಸಾಕು ಎನ್ನುವುದು ನನ್ನ ಅಭಿಪ್ರಾಯ.

2018ರ ಆಗಸ್ಟಿನ ಭೂಕುಸಿತ ಎಲ್ಲರ ಬಾಯಲ್ಲೂ ಬರುವ ವಿಷಯ. ಮಳೆಯೇ ಕಾರಣವೋ, ಗುಡ್ಡ ಕಡಿದದ್ದೋ ಎಂಬ ಜಗಳವನ್ನು ಎರಡು ವರ್ಷದ ಕೋರ್ಸಿನಲ್ಲಿ ತೀರಿಸಲಾಗದು. ಜೋಡುಪಾಲ, ಮದೆನಾಡು, ಮಕ್ಕಂದೂರಿನ ಸುತ್ತ ಕುಸಿದ ಜಾಗಗಳು ರಸ್ತೆಗೆ ಕಡಿದ ಅಂಚಿನಿಂದ ಎಷ್ಟು ದೂರ ಎಂದು ಅಳೆಯಬಹುದು. ಅಷ್ಟಕ್ಕೇ ನಿಲ್ಲಿ.

ಪ್ರಶ್ನೆಗೆ ತಕ್ಕ ಬಾಗಿಲು

ಮರ, ತೋಟ, ದೇವರಕಾಡು (ದೇವರ ಹೆಸರಿನಲ್ಲಿ ಊರು ಉಳಿಸಿಕೊಂಡ ಕಾಡು) ನಿಮ್ಮ ವಿಷಯವಾದರೆ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಮನೆ ಬಾಗಿಲಲ್ಲೇ ಇದೆ. ಆದರೆ ಅಂಥ ಕಡೆ ಸಾಮಾನ್ಯವಾಗಿ ಅರಣ್ಯಶಾಸ್ತ್ರ ಅಥವಾ ಅದಕ್ಕೆ ಹತ್ತಿರದ ಪದವಿಯನ್ನೇ ಕೇಳುತ್ತಾರೆ. ಆನೆ–ಮನುಷ್ಯರ ತಿಕ್ಕಾಟ ಓದಬೇಕಾದರೆ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ವನ್ಯಜೀವಿ ಎಂ.ಎಸ್ಸಿ. ಅಥವಾ ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆ ನೋಡಿ. ಎರಡಕ್ಕೂ ಪ್ರತಿ ವರ್ಷ ಪ್ರವೇಶ ಇರುತ್ತದೆಂದು ನಂಬಿ ಕೂರಬೇಡಿ. ನೀರು, ಮಣ್ಣು, ಗಾಳಿ ಎನ್ನುವವರಿಗೆ ಮೈಸೂರು, ಕುವೆಂಪು ವಿಶ್ವವಿದ್ಯಾಲಯಗಳ ಪರಿಸರ ವಿಜ್ಞಾನ ವಿಭಾಗಗಳಿವೆ, ದೆಹಲಿಯ ಜೆಎನ್‌ಯು ಇದೆ. ಬಿ.ಎ. ಓದಿದವರು ಹಿಂಜರಿಯಬೇಕಿಲ್ಲ: ಗದ್ದೆಯ ಜತೆಗೆ ಸೊಪ್ಪು, ಸೌದೆಗೆಂದು ಕೊಟ್ಟ ಬಾಣೆ ಜಮೀನಿನ ಮರದ ಹಕ್ಕು ಯಾರದು ಎಂಬುದು ಅಪ್ಪಟ ಪರಿಸರದ ಪ್ರಶ್ನೆ, ಅದಕ್ಕೆ ಭೂಗೋಳವೋ ಅಭಿವೃದ್ಧಿ ಅಧ್ಯಯನವೋ ಸರಿಯಾದ ಜಾಗ.

ಪಂಚಾಂಗವನ್ನೂ ನೋಡಿಕೊಳ್ಳಿ. ಸ್ನಾತಕೋತ್ತರ ಪ್ರವೇಶಕ್ಕೆ ನಡೆಯುವ ಗೇಟ್ ಪರೀಕ್ಷೆಯ ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದ ಆಸುಪಾಸಿಗೆ, ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಸಿಯುಇಟಿ–ಪಿಜಿ ಅರ್ಜಿ ಸುಗ್ಗಿ ಹಬ್ಬ ಪುತ್ತರಿ ಕಳೆಯುತ್ತಿದ್ದಂತೆ, ಡಿಸೆಂಬರ್ ಹೊತ್ತಿಗೆ ಬರುತ್ತದೆ. ಓದಬೇಕಾದ ಆ ತಿಂಗಳುಗಳಲ್ಲೇ ಕಾಫಿ ಕೊಯ್ಲು! ಮನೆಯವರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಮೇ ತಿಂಗಳಲ್ಲಿ ಎಚ್ಚೆತ್ತರೆ ರಾಜ್ಯದ ವಿಶ್ವವಿದ್ಯಾಲಯಗಳಷ್ಟೇ ಉಳಿದಿರುತ್ತವೆ.

ಅರ್ಜಿಯ ಜತೆಗಿನ ಉದ್ದೇಶ ಪತ್ರ ಬರೆಯುವಾಗ

‘ಚಿಕ್ಕಂದಿನಿಂದಲೂ ನನಗೆ ಪ್ರಕೃತಿ ಎಂದರೆ ಪ್ರಾಣ’ ಎಂಬ ಸಾಲನ್ನು ಹೊಡೆದುಹಾಕಿ, ಎಲ್ಲರೂ ಅದನ್ನೇ ಬರೆಯುತ್ತಾರೆ. ‘ನಮ್ಮ ತೋಟದ ಮಳೆ ಡೈರಿಯನ್ನು ಏರಿಸಿದ್ದೇನೆ, ಹೂಮಳೆಯ ತಾರೀಖು ಹೀಗೆ ಸರಿದಿದೆ, ಇದು ಪಕ್ಕದ ನಾಡುಗಳಲ್ಲೂ ಹೀಗೆಯೇ ಎಂದು ನೋಡಬೇಕಿದೆ’ ಎಂದು ಆರಂಭಿಸಿ. ಸರಿದಿಲ್ಲವಾದರೆ ಸರಿದಿಲ್ಲ ಎಂದೇ ಬರೆಯಿರಿ. ಸಂದರ್ಶನದಲ್ಲಿ ಕೂತವರು ಮುಂದಿನ ಅರ್ಧ ಗಂಟೆ ಅದನ್ನೇ ಕೆದಕುತ್ತಾರೆ.

ಸೀಟು ಸಿಕ್ಕಿ ಮಾರ್ಗದರ್ಶಕರು ಒಪ್ಪಿದ ಕೂಡಲೇ ಅನುಮತಿಯ ಕೆಲಸ ಹಿಡಿಯಿರಿ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ವನ್ಯಧಾಮಗಳೊಳಗೆ ಸಂಶೋಧನೆ ಮಾಡಲು 1972ರ ವನ್ಯಜೀವಿ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪಾಲಕರ ಅನುಮತಿ ಬೇಕು, ಅದು ವಾರದಲ್ಲಿ ಕೈಸೇರುವ ಕಾಗದವಲ್ಲ. ದೇವರಕಾಡಿಗೆ ಕಾಲಿಡುವ ಮುಂಚೆ ಅರಣ್ಯ ಇಲಾಖೆಯ ಜತೆಗೆ ಊರಿನ ದೇವಸ್ಥಾನ ಸಮಿತಿಯನ್ನೂ ಕೇಳಿ. ಕೆಲವು ಕಾಡುಗಳಿಗೆ ಹಬ್ಬದ ದಿನ ಬಿಟ್ಟು ಬೇರೆ ದಿನ ಯಾರೂ ಹೋಗುವಂತಿಲ್ಲ, ನಿಮ್ಮ ಮರ ಎಣಿಕೆಯ ವೇಳಾಪಟ್ಟಿಯನ್ನು ಅದಕ್ಕೆ ಹೊಂದಿಸಿಕೊಳ್ಳಬೇಕಾಗುತ್ತದೆ.