ರಾಯಚೂರಿಗೆ ಖಗ್ರಾಸ ಎಷ್ಟು ವರ್ಷಕ್ಕೊಮ್ಮೆ? ನಾನು ಲೆಕ್ಕ ಹಾಕಿದ ಬಗೆ

ಗ್ರಹಣ ಹತ್ತಿರ ಬಂದಾಗಲೆಲ್ಲ ಟಿ.ವಿ.ಯಲ್ಲಿ ‘ನೂರಾರು ವರ್ಷಗಳಿಗೊಮ್ಮೆ ಬರುವ ಗ್ರಹಣ’ ಎಂಬ ಮಾತು ಕೇಳಿಬರುತ್ತದೆ. ಯಾವ ಬಗೆಯ ಗ್ರಹಣ, ಯಾವ ಊರಿಗೆ ಅಪರೂಪ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದಕ್ಕೆ ನಮ್ಮ ರಾಯಚೂರನ್ನೇ ಮುಂದಿಟ್ಟುಕೊಂಡು ಲೆಕ್ಕಕ್ಕೆ ಕುಳಿತೆ.

ಇಡೀ ಭೂಮಿಗೆ ಸೂರ್ಯಗ್ರಹಣ ಅಪರೂಪವೇನಲ್ಲ. ವರ್ಷಕ್ಕೆ ಕನಿಷ್ಠ ಎರಡು, ಹೆಚ್ಚೆಂದರೆ ಐದು ಆಗುತ್ತವೆ. ಆದರೆ ಸೂರ್ಯ ಪೂರ್ತಿ ಮರೆಯಾಗುವ ಖಗ್ರಾಸದ ಕಪ್ಪು ನೆರಳು ಸಾಮಾನ್ಯವಾಗಿ ನೂರು, ನೂರೈವತ್ತು ಕಿಲೋಮೀಟರ್ ಅಗಲದ ಪಟ್ಟಿಯಾಗಿ ಹಾದುಹೋಗುತ್ತದೆ. ಅದರ ಆಚೀಚೆ ಸಾವಿರಾರು ಕಿಲೋಮೀಟರ್‌ವರೆಗೆ ಕಾಣುವುದು ಬರೀ ಖಂಡಗ್ರಾಸ, ಅಂದರೆ ಸೂರ್ಯನ ಒಂದು ಭಾಗ ಮಾತ್ರ ಮುಚ್ಚುವ ಗ್ರಹಣ. ಒಂದೇ ಜಾಗಕ್ಕೆ ಖಗ್ರಾಸ ಮರಳಿ ಬರಲು ಸರಾಸರಿ 375 ವರ್ಷ ಬೇಕೆಂದು ಬೆಲ್ಜಿಯಂನ ಖಗೋಳ ವಿಜ್ಞಾನಿ ಜಾನ್ ಮೇಯುಸ್ 1982ರಲ್ಲಿ ಲೆಕ್ಕ ಹಾಕಿದ್ದರು.

ನಾನು ಮಾಡಿದ್ದು ಸರಳ ಕೆಲಸ. ನಾಸಾದ ಗ್ರಹಣ ಪಟ್ಟಿಯಲ್ಲಿ ನೆರಳಿನ ಉತ್ತರ ಮತ್ತು ದಕ್ಷಿಣ ಅಂಚುಗಳ ಅಕ್ಷಾಂಶ, ರೇಖಾಂಶಗಳು ಸಿಗುತ್ತವೆ. ಅವನ್ನು ನಕಾಶೆಯ ಮೇಲೆ ಗುರುತಿಸಿ ಎರಡು ಗೆರೆ ಎಳೆದೆ. ಊರು ಆ ಗೆರೆಗಳ ನಡುವೆ ಬಿದ್ದರೆ ಅಲ್ಲಿ ಖಗ್ರಾಸ ಆಗಿದೆ ಎಂದರ್ಥ. ಹಳೆಯ ಗ್ರಹಣಗಳಿಗೆ, ಅಂದಿನ ವಿಜ್ಞಾನಿಗಳು ಎಲ್ಲಿ ಬೀಡುಬಿಟ್ಟಿದ್ದರು ಎಂಬುದನ್ನು ನೋಡಿ ಗೆರೆಗಳನ್ನು ತಾಳೆ ಮಾಡಿದೆ.

ಸಿಕ್ಕ ಉತ್ತರ ನನ್ನನ್ನು ಬೆರಗಾಗಿಸಿತು. 1868ರ ಆಗಸ್ಟ್ 18ರ ಪಟ್ಟಿ ಜಮಖಂಡಿ, ವಿಜಯಪುರಗಳ ಮೇಲೆ ಹಾದು ಗುಂಟೂರಿನ ಕಡೆ ಸಾಗಿತ್ತು. ಹೀಲಿಯಂ ಪತ್ತೆಯ ಕಥೆ ಶುರುವಾದದ್ದು ಅದೇ ಗ್ರಹಣದಿಂದ. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮರಿಮಗ ಜಮಖಂಡಿಯಲ್ಲಿ ನಿಂತು ಅದನ್ನು ನೋಡಿದ್ದ, ಅಲ್ಲ, ಮೊಮ್ಮಗ ಜಾನ್ ಹರ್ಷೆಲ್. ರಾಯಚೂರು ಆ ಪಟ್ಟಿಯೊಳಗೇ ಇತ್ತು. 1980ರ ಫೆಬ್ರುವರಿ 16ರಂದು ಅಂಕೋಲಾ, ಹುಬ್ಬಳ್ಳಿ ದಾಟಿ ಬಂದ ನೆರಳೂ ನಮ್ಮ ಊರಿನ ಮೇಲೆ ಹಾದುಹೋಯಿತು. 375 ಎಂಬ ಸರಾಸರಿಯ ಎದುರಿಗೆ ನಮಗೆ ಕೇವಲ 112 ವರ್ಷಗಳಲ್ಲಿ ಎರಡು! ಬೆಂಗಳೂರಿಗೆ ಈ ಎರಡರಲ್ಲಿ ಒಂದೂ ದಕ್ಕಲಿಲ್ಲ. 1871ರ ಡಿಸೆಂಬರ್ 12ರ ನೆರಳು ಬೇಕಲ ಕೋಟೆಯಿಂದ ನೀಲಗಿರಿಯತ್ತ ಹೋದಾಗಲೂ ಬೆಂಗಳೂರು ಪಟ್ಟಿಯ ಹೊರಗೇ ಉಳಿಯಿತು. ಕೊಡಗಿನ ಕುಟ್ಟ ಮಾತ್ರ ಅದರೊಳಗಿತ್ತು. ಅದೇ ಕುಟ್ಟದಲ್ಲಿ 2019ರ ಡಿಸೆಂಬರ್ 26ರಂದು ಕಂಕಣ ಗ್ರಹಣವೂ ಕಂಡಿತು.

1980ರಲ್ಲಿ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಹೊರಗೆ ಕತ್ತಲು ಕವಿಯುವಾಗ ನಾವೆಲ್ಲ ಬಾಗಿಲು ಹಾಕಿಕೊಂಡು ಒಳಗೇ ಇದ್ದೆವು. ಅಜ್ಜಿ ಕಿಟಕಿಗಳಿಗೂ ಬಟ್ಟೆ ಕಟ್ಟಿಸಿದ್ದರು. ಮೊಮ್ಮಕ್ಕಳ ಮೇಲಿನ ಪ್ರೀತಿಯಿಂದ ಹುಟ್ಟಿದ ಭಯ ಅದು, ಅವರನ್ನು ದೂರುವುದಿಲ್ಲ. ಆದರೆ ಊರಿನ ಮೇಲೆ ಎರಡು ಮೂರು ನಿಮಿಷ ನಿಂತ ಆ ನೆರಳನ್ನು ಊರಿನವರೇ ನೋಡಲಿಲ್ಲವಲ್ಲ ಎಂಬ ಸಂಕಟ ಲೆಕ್ಕ ಮುಗಿದ ಮೇಲೆ ಇನ್ನೂ ಹೆಚ್ಚಾಯಿತು.

ಗ್ರಹಣಗಳು 18 ವರ್ಷ 11 ದಿನ 8 ಗಂಟೆಗೊಮ್ಮೆ ಮರುಕಳಿಸುತ್ತವೆ. ಆ ಎಂಟು ಗಂಟೆಯಲ್ಲಿ ಭೂಮಿ ಮೂರನೆಯ ಒಂದು ಸುತ್ತು ತಿರುಗಿಬಿಡುವುದರಿಂದ ನೆರಳು ಬೇರೆಡೆ ಬೀಳುತ್ತದೆ. ಮೂರು ಸಲ ಕಳೆದರೆ ಹಳೆಯ ರೇಖಾಂಶದ ಹತ್ತಿರ ಬರುತ್ತದೆ, ಆದರೆ ಅಷ್ಟರಲ್ಲಿ ಉತ್ತರಕ್ಕೋ ದಕ್ಷಿಣಕ್ಕೋ ಸರಿದಿರುತ್ತದೆ. 1980ರ ಗ್ರಹಣದ ಆ ಮೂರನೆಯ ಮರುಕಳಿಕೆ 2034ರ ಮಾರ್ಚ್ 20ಕ್ಕೆ. ಖಗ್ರಾಸ ಕಾಣುವುದು ಲಡಾಖಿನ ಕಡೆ, ನಮ್ಮಲ್ಲಲ್ಲ.

ಖಂಡಗ್ರಾಸದ ಲೆಕ್ಕಕ್ಕೆ ತಂಗಿ ಇರುವ ಬೆಂಗಳೂರನ್ನು ಆರಿಸಿಕೊಂಡೆ. ಅಲ್ಲಿ 2008, 2009, 2010ರಲ್ಲಿ ಸಾಲಾಗಿ ಕಂಡವು. ಆಮೇಲೆ 2016ರ ಗ್ರಸ್ತೋದಯದವರೆಗೆ (ಗ್ರಹಣ ಹಿಡಿದಂತೆಯೇ ಸೂರ್ಯ ಹುಟ್ಟುವುದು) ಬಿಡುವು. ಬಳಿಕ 2019, 2020, ಮತ್ತು 2022ರ ಅಕ್ಟೋಬರ್ 25ರ ಗ್ರಸ್ತಾಸ್ತ (ಗ್ರಹಣ ಹಿಡಿದಂತೆಯೇ ಸೂರ್ಯ ಮುಳುಗುವುದು). ಸರಾಸರಿ ತೆಗೆದರೆ ಎರಡು ವರ್ಷಕ್ಕೊಂದು ಎನ್ನಬಹುದು, ಆದರೆ ಆ ಸರಾಸರಿಯನ್ನು ನಂಬಿ ಕಾಯುವಂತಿಲ್ಲ. 2022ರ ನಂತರ ಭಾರತಕ್ಕೆ ಕಾಣುವ ಸೂರ್ಯಗ್ರಹಣ 2027ರ ಆಗಸ್ಟ್ 2ರದು. ಈಜಿಪ್ಟಿನ ಲಕ್ಸರ್‌ನಲ್ಲಿ ಅದು ಆರು ನಿಮಿಷ ಮೀರಿದ ಖಗ್ರಾಸ, ನಮಗೆ ಖಂಡಗ್ರಾಸ. ಮಧ್ಯಾಹ್ನ ಇಳಿದ ಮೇಲೆ ಆಗುವುದರಿಂದ ಪಶ್ಚಿಮ ದಿಕ್ಕು ತೆರೆದಿರುವ ಜಾಗ ಬೇಕು. ಮಳೆಗಾಲದ ಮೋಡದ ಭಯವೂ ಇದೆ. ಶಾಲೆಯ ಮಕ್ಕಳಿಗೆಂದು ಗ್ರಹಣದ ಕನ್ನಡಕಗಳನ್ನು ಈಗಿನಿಂದಲೇ ಕೂಡಿಸುತ್ತಿದ್ದೇನೆ. ರಟ್ಟಿನಲ್ಲಿ ಸೂಜಿರಂಧ್ರ ಮಾಡಿ ಗೋಡೆಯ ಮೇಲೆ ಬಿಂಬ ಬೀಳಿಸುವುದನ್ನು ಎಲ್ಲ ತರಗತಿಗಳಿಗೂ ಕಲಿಸಬೇಕೆಂದಿದ್ದೇನೆ.