ಹತ್ತೊಂಬತ್ತರ ಅಪ್ಪ, ಕೈಯಲ್ಲಿ ತಕ್ಕಡಿ

"ಹುಡುಗರು ಬರೂದಿಲ್ರಿ. ಬಂದ್ರೂ ಚಾ ಕುಡದು ಹೋಗ್ತಾರ." ಚಿಕ್ಕ ವಯಸ್ಸಿಗೇ ಅಪ್ಪ ಆದ ಹುಡುಗರನ್ನು ಕೂಸಿನ ಆರೈಕೆಗೆ ಎಳೆದು ತರುವ ನನ್ನ ಕೆಲಸದ ಬಗ್ಗೆ ನಮ್ಮ ಮೇಲಿನ ಮೇಡಂ ಹೀಗೆ ಹೇಳಿ ಮೂರು ವರ್ಷ ಆಯಿತು. ಹೋದ ತಿಂಗಳು ಅವರೇ ಫೋನ್ ಮಾಡಿ, "ನಿಮ್ಮ ಹುಡುಗರ ಪಟ್ಟಿ ಕಳಸ್ರಿ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಜಂಬ ಇದೆ, ಇರಲಿ.

ನಾನು ಓಡಾಡುವುದು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಆರೇಳು ಹಳ್ಳಿಗಳಲ್ಲಿ. ಹದಿನೆಂಟು, ಹತ್ತೊಂಬತ್ತಕ್ಕೇ ಅಪ್ಪ ಆದ ಹುಡುಗರು ಇಲ್ಲಿ ಎಷ್ಟು ಜನ ಅಂತ ನಿಮಗೆ ಹೇಳಬೇಕಿಲ್ಲ. ಟ್ರ್ಯಾಕ್ಟರ್ ಹೊಡೆಯುತ್ತಾರೆ, ಇಲ್ಲ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾರೆ. ಕುಬಸ (ಸೀಮಂತ) ಆದ ಮೇಲೆ ಹೆಂಡತಿ ತವರಿಗೆ. ಬಾಣಂತನ ಮುಗಿಸಿ ಅವಳು ಬರುವಷ್ಟರಲ್ಲಿ ಕೂಸಿಗೆ ಐದು ತಿಂಗಳು. ಅಲ್ಲಿಯವರೆಗೆ ಅಪ್ಪ ಅನ್ನುವವನು ತೊಟ್ಟಿಲ ದಿನ ಹೊಸ ಅಂಗಿ ಹಾಕಿಕೊಂಡು ಬಂದ ನೆಂಟ, ಅಷ್ಟೇ.

ಮೊದಲ ವರ್ಷ ದುಡ್ಡು ಹಾಳು ಮಾಡಿದೆ. ಸಮುದಾಯ ಭವನದಲ್ಲಿ ಸಭೆ, ಫ್ಲೆಕ್ಸು, ಚಿತ್ರಪಟ, ಚಹಾ, ಮಂಡಕ್ಕಿ ಮಿರ್ಚಿ. ಸುಮಾರು ಹದಿನೆಂಟು ಸಾವಿರ ಹೋಯಿತು. ಬಂದವರು ಮೂರು ಜನ. ಅದರಲ್ಲಿ ಒಬ್ಬನಿಗೆ ಇನ್ನೂ ಮದುವೆಯೇ ಆಗಿರಲಿಲ್ಲ, ಮಿರ್ಚಿಗೆ ಬಂದಿದ್ದ. ಆಮೇಲೆ ಬಸ್ ಚಾರ್ಜು ಅಂತ ನೂರು ರೂಪಾಯಿ ಕೊಡಲು ಶುರು ಮಾಡಿದೆ. ಇಪ್ಪತ್ತು ಜನ ಬಂದರು. ನಿಲ್ಲಿಸಿದ ವಾರ ಇಬ್ಬರು.

ಅದಕ್ಕಿಂತ ದೊಡ್ಡ ತಪ್ಪು ನಮ್ಮ ಫಾರಂನಲ್ಲೇ ಇತ್ತು. ಎರಡನೇ ಕಾಲಂ "ಮದುವೆಯಾದ ದಿನಾಂಕ". ಹುಡುಗನಿಗೆ 21, ಹುಡುಗಿಗೆ 18 ಅನ್ನುವ ಕಾನೂನು ಈಗ ಊರಲ್ಲಿ ಎಲ್ಲರಿಗೂ ಗೊತ್ತು. ಆ ಕಾಲಂ ನೋಡಿದ್ದೇ ತಡ, ಪೆನ್ನು ಕೆಳಗಿಟ್ಟು ಗಾಡಿ ಸ್ಟಾರ್ಟ್ ಮಾಡಿದವರು ಎಷ್ಟೋ ಜನ. ನಾನು ಕೇಸು ಹಾಕಿಸುವವನು ಅಂತ ಸುದ್ದಿ ಹಬ್ಬಿ ಆರು ತಿಂಗಳು ಯಾರೂ ಹತ್ತಿರ ಬರಲಿಲ್ಲ. ಈಗ ಫಾರಂ ಇಲ್ಲ. ಆದರೆ ಮೊದಲ ದಿನವೇ ಬಾಯಿಬಿಟ್ಟು ಹೇಳಿಬಿಡುತ್ತೇನೆ: ಹೆಂಡತಿಗೆ ಹದಿನೆಂಟು ತುಂಬಿಲ್ಲ ಅಂತ ಗೊತ್ತಾದರೆ ನಾನು ಮುಚ್ಚಿಡೋಕಾಗಲ್ಲ, ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೋ ಕಾಯ್ದೆ ಪ್ರಕಾರ ತಿಳಿಸಲೇಬೇಕು. ಇದರಿಂದ ಕೆಲವರನ್ನು ಕಳಕೊಂಡಿದ್ದೇನೆ. ಉಳಿದವರು ನಂಬಿದ್ದಾರೆ.

ದಾರಿ ಸಿಕ್ಕಿದ್ದು ಅಂಗನವಾಡಿ ಗೇಟಿನಲ್ಲಿ. ಒಬ್ಬ ಹುಡುಗ ಹೆಂಡತಿ, ಕೂಸನ್ನು ಬೈಕಿನಲ್ಲಿ ತಂದು ಬಿಟ್ಟು ಮೊಬೈಲ್ ನೋಡುತ್ತಾ ಹೊರಗೆ ನಿಂತಿದ್ದ. ಒಳಗೆ ಟೀಚರ್ ಒಬ್ಬರೇ. "ಬಾರಪಾ, ಸ್ವಲ್ಪ ಹಿಡಿ" ಅಂತ ಕರೆದೆ. ಜೋಲಿ ತಕ್ಕಡಿ ಗೊತ್ತಲ್ಲ, ತೊಲೆಗೆ ತೂಗುಹಾಕುವ ಮುಳ್ಳಿನದು. ಕೂಸನ್ನು ಜೋಲಿಗೆ ಹಾಕುವ ಮೊದಲು ಅವನು ಮುಳ್ಳಿನ ಹತ್ತಿರ ಮುಖ ಇಟ್ಟು ನೋಡಿದ. ಜೋಲಿಯನ್ನು ಎರಡು ಸಲ ಅಲುಗಾಡಿಸಿದ. ಆಮೇಲೆ ಟೀಚರಿಗೇ ಜೋರು ಮಾಡಿದ: "ಮುಳ್ಳು ಸೊನ್ನಿಗಿಲ್ಲ ನೋಡ್ರಿ. ನೂರು ಗ್ರಾಂ ಕಳ್ಳ ತೂಕ ಐತಿ." ಮೇಲಿನ ತಿರುಪು ತಿರುಗಿಸಿ ಸೊನ್ನೆಗೆ ತಂದು, ಆಮೇಲೆ ಕೂಸನ್ನು ಇಳಿಬಿಟ್ಟ. ಐದು ಕೆ.ಜಿ. ಮುನ್ನೂರು. "ಇದು ಜಾಸ್ತಿನೋ ಕಮ್ಮಿನೋ?" ಅಂದ.

ಹತ್ತಿ ಬೆಳೆಯುವ ಮನೆಯ ಹುಡುಗ ಅಲ್ವಾ. ತಕ್ಕಡಿಯಲ್ಲಿ ಮೋಸ ಹೋಗಿ ಹೋಗಿ ಬೆಳೆದವನು. ತಂದೆಯ ಜವಾಬ್ದಾರಿ ಅಂತ ನಾನು ವರ್ಷ ಪೂರ್ತಿ ಬಡಕೊಂಡಿದ್ದೆ. ಅವನು ಕೇಳಿದ್ದು ಒಂದೇ ಪ್ರಶ್ನೆ, ಅದೂ ತೂಕದ್ದು.

ಅಂದಿನಿಂದ ನನ್ನ ಕೆಲಸ ಇಷ್ಟೇ: ತೂಗುವುದು ಅಪ್ಪನ ಕೆಲಸ. ತಿಂಗಳಿಗೊಮ್ಮೆ ಅವನೇ ತೂಗಿ, ಮುಳ್ಳಿನ ಫೋಟೋ ನಮ್ಮ ಅಪ್ಪಂದಿರ ಮೊಬೈಲ್ ಗುಂಪಿಗೆ ಹಾಕಬೇಕು. ಹುಟ್ಟಿದ ತೂಕ ಐದು ತಿಂಗಳಿಗೆ ಎರಡು ಪಟ್ಟು, ವರ್ಷಕ್ಕೆ ಮೂರು ಪಟ್ಟು ಆಗಬೇಕು. ಇದೊಂದು ಲೆಕ್ಕ ಕೊಟ್ಟೆ. ಉಳಿದದ್ದು ತಾನೇ ಎಳೆದುಕೊಂಡು ಬಂತು. ತೂಕ ನಿಂತರೆ ಎದೆಹಾಲಿನ ಮಾತು, ಹಾಲಿನ ಮಾತು ಬಂದರೆ ಅವಳ ಊಟದ ಮಾತು, ಊಟದಿಂದ ದುಡ್ಡಿಗೆ. ಆರು ತಿಂಗಳು ದಾಟಿದ ಮೇಲೆ ತೋಳು ಅಳೆಯುವ ಪಟ್ಟಿ. ಅದು ಹುಡುಗರಿಗೆ ಬಹಳ ಇಷ್ಟ. ಪರ್ಸಿನಲ್ಲಿ ಮಡಚಿ ಇಟ್ಟುಕೊಳ್ಳುತ್ತಾರೆ. 11.5 ಸೆಂಟಿಮೀಟರಿಗಿಂತ ಕೆಳಗೆ ಕೆಂಪು, ಅಂದರೆ ಕೂಸು ತೀರಾ ಸೊರಗಿದೆ ಅಂತ; ಅದು ಬಂದರೆ ಕೇಳದೆಯೇ ಫೋನು ಬರುತ್ತದೆ.

ಖರ್ಚು? ಎರಡು ಹೊಸ ತಕ್ಕಡಿ, ಹೊಲಿಸಿದ ಜೋಲಿ, ನನ್ನ ಪೆಟ್ರೋಲು. ವರ್ಷಕ್ಕೆ ಹನ್ನೆರಡು ಸಾವಿರ ದಾಟಿಲ್ಲ. ಸಭೆ ಬೇಕೇ ಬೇಕು ಅಂದರೆ ಯುಗಾದಿಗೆ, ಇಲ್ಲ ಮೊಹರಂಗೆ (ನಮ್ಮ ಕಡೆ ಅಲಾಯಿ ಹಬ್ಬ) ಇಡಿ. ಅಲಾಯಿ ಹಬ್ಬಕ್ಕೆ ಬೆಂಗಳೂರಿಂದ ಎಲ್ಲರೂ ಊರಿಗೆ ಬರುತ್ತಾರೆ, ಜಾತಿ ಧರ್ಮ ಕೇಳಬೇಡಿ. ಬೇರೆ ತಿಂಗಳಲ್ಲಿ ಕರೆದರೆ ಮುದುಕರಷ್ಟೇ ಸಿಗುತ್ತಾರೆ.

ದುಡ್ಡಿನ ಕಡೆ ನನ್ನದು ಅರ್ಧ ಸೋಲು. ಮೇಸ್ತ್ರಿ ಅಡ್ವಾನ್ಸ್ ಕೊಡುವುದು ಹುಡುಗನ ಅಪ್ಪನ ಕೈಗೆ. ಹುಡುಗ ತೀರಿಸಲು ದುಡಿಯುತ್ತಾನೆ, ಹೆಂಡತಿಗೆ ಬಾಳೆಹಣ್ಣು ತರಲೂ ಅಪ್ಪನನ್ನೇ ಕೇಳಬೇಕು. ಪೋಸ್ಟ್ ಆಫೀಸಿನಲ್ಲಿ ಐನೂರು ಹಾಕಿ ಖಾತೆ ತೆರೆಸಿದೆ. ಇಪ್ಪತ್ತೆರಡು ಖಾತೆಯಲ್ಲಿ ಈಗ ಜೀವ ಇರುವುದು ಒಂಬತ್ತೋ ಹತ್ತೋ. ಕುಡಿತದ ವಿಷಯದಲ್ಲಿ ನನ್ನಿಂದ ಏನೂ ಆಗಿಲ್ಲ, ಆಯಿತು ಅಂದರೆ ಸುಳ್ಳು.

ನಡುವೆ ಹುಚ್ಚು ಪ್ರಯೋಗಗಳನ್ನೂ ಮಾಡಿದೆ. ಕೂಸಿಗೊಂದು ನುಗ್ಗೆ ಸಸಿ ಅಂತ ಮೂವತ್ತು ಹಂಚಿದೆ. ಇಪ್ಪತ್ತಾರನ್ನು ಆಡು ತಿಂದವು. ಬೆಂಗಳೂರಿನಲ್ಲಿರುವ ಅಪ್ಪಂದಿರು ಜೋಗುಳ ಹೇಳಿ ವಾಯ್ಸ್ ಕಳಿಸಲಿ ಅಂದೆ. ಒಬ್ಬ ಮಿಕ್ಸರ್ ಮಷಿನ್ ಪಕ್ಕ ನಿಂತು ಹಾಡಿ ಕಳಿಸಿದ. ಮಲಗಿದ್ದ ಕೂಸು ಎದ್ದು ಚೀರಿತಂತೆ. ಅದೇ ಹುಡುಗ ಈಗ ದಿನಾ ರಾತ್ರಿ ವಿಡಿಯೋ ಕಾಲ್ ಮಾಡುತ್ತಾನೆ, ಹಾಡುವುದಿಲ್ಲ.

"ಹೆಂಡ್ತಿ ಕೈಗೂಸು" ಅಂತ ಗೆಳೆಯರು ಚುಡಾಯಿಸುವುದಕ್ಕೆ ಏನು ಮಾಡಿದೆ ಅಂತ ಕೇಳುತ್ತೀರಿ. ಬುದ್ಧಿ ಹೇಳಲಿಲ್ಲ. ಊರಲ್ಲಿ ಕಬಡ್ಡಿ ಚೆನ್ನಾಗಿ ಆಡುವ ಹುಡುಗನ ಕೈಯಲ್ಲಿ ಮೊದಲು ತಕ್ಕಡಿ ಹಿಡಿಸಿದೆ. ಅತ್ತೆಯಂದಿರು ಒಪ್ಪಿದ್ದು ಹೇಗೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಊರಿಗೆ ಬನ್ನಿ, ತೋರಿಸುತ್ತೇನೆ.

ಈಗ ಗುಂಪಿನಲ್ಲಿ ನಲವತ್ತರ ಹತ್ತಿರ ಹುಡುಗರಿದ್ದಾರೆ. ಹೋದ ವಾರ ಒಬ್ಬನ ಹೆಂಡತಿ ತಾನೇ ತೂಗಿ ಫೋಟೋ ಕಳಿಸಿದಳು. ಒಂದು ತಿಂಗಳಿಗೆ ಇನ್ನೂರೇ ಗ್ರಾಂ ಏರಿತ್ತು. ನಾನು ಏನು ಬರೆಯಲಿ ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಬೆಂಗಳೂರಿನಿಂದ ಅವನ ವಾಯ್ಸ್ ಬಂತು, ಹಿಂದೆ ಸುತ್ತಿಗೆ ಸದ್ದು: "ಮುಳ್ಳು ಸೊನ್ನಿಗೆ ಇಟ್ಟಿದ್ದಿಲ್ಲೋ? ಜೋಲಿ ಬಿಚ್ಚಿ ಇನ್ನೊಮ್ಮೆ ತೂಗು. ನಾ ಲೈನ್‌ನಾಗ ಇರ್ತೀನಿ."