ತಾಯಿಯ ಜೀವಕ್ಕೆ ಕುತ್ತು ಬಂದಾಗ ಗರ್ಭಪಾತ: ಕಾನೂನು ಬೇಕೆಂದು ವಾದಿಸುವುದು ಹೇಗೆ

ಈ ಮಾತು ಎತ್ತಿದರೆ ಸಾಕು, ಗರ್ಭಪಾತ ಸರಿಯೋ ತಪ್ಪೋ ಎಂಬ ಜಗಳ ಶುರುವಾಗುತ್ತದೆ. ಮೊದಲು ಆ ಜಗಳವನ್ನು ಬದಿಗಿಡಿ. ನೀವು ಕೇಳಬೇಕಾದ್ದು ಒಂದೇ: ಗರ್ಭಿಣಿಯ ಜೀವ ಹೋಗುವ ಹಾಗಿದೆ, ಡಾಕ್ಟರ್ ಮಂಚದ ಪಕ್ಕದಲ್ಲೇ ಇದ್ದಾರೆ, ಅವರು ಈಗ ಏನು ಮಾಡಬಹುದು ಅಂತ ಕಾನೂನಿನಲ್ಲಿ ಬರೆದಿದೆಯಾ, ಇಲ್ವಾ?

ಉದಾಹರಣೆ ಬೇಕಾದರೆ ಐರ್ಲೆಂಡ್ ತೆಗೆದುಕೊಳ್ಳಿ. ಇಸವಿಗಳನ್ನು ಸರಿಯಾಗಿ ನೆನಪಿಟ್ಟುಕೊಳ್ಳಿ, ವಾದ ಅರ್ಧ ಗೆದ್ದ ಹಾಗೆ. 1861ರ ಬ್ರಿಟಿಷ್ ಕಾಲದ ಕಾನೂನಿನ ಪ್ರಕಾರ ಅಲ್ಲಿ ಗರ್ಭಪಾತಕ್ಕೆ ಜೀವಾವಧಿವರೆಗೂ ಶಿಕ್ಷೆ ಇತ್ತು. 1983ರಲ್ಲಿ ಜನರ ಮತ ಪಡೆದು, ಹುಟ್ಟದ ಮಗುವಿಗೂ ತಾಯಿಗೂ ಬದುಕುವ ಹಕ್ಕು ಸಮಾನ ಅಂತ ಸಂವಿಧಾನಕ್ಕೆ ಸೇರಿಸಿದರು. 1992ರಲ್ಲಿ ಅತ್ಯಾಚಾರದಿಂದ ಗರ್ಭಿಣಿಯಾದ 14 ವರ್ಷದ ಹುಡುಗಿಯ ವಿಷಯ, 'ಎಕ್ಸ್ ಕೇಸ್' ಅಂತ ಕರೆಯುವುದು ಇದನ್ನೇ, ಸುಪ್ರೀಂ ಕೋರ್ಟ್‌ಗೆ ಬಂತು. ತಾಯಿಯ ಜೀವಕ್ಕೆ ನಿಜವಾದ ದೊಡ್ಡ ಅಪಾಯವಿದ್ದರೆ, ಅದು ಆತ್ಮಹತ್ಯೆಯ ಅಪಾಯವೇ ಆಗಿದ್ದರೂ, ಗರ್ಭಪಾತ ಮಾಡಬಹುದು ಎಂದು ಕೋರ್ಟ್ ಹೇಳಿತು. ಆದರೆ ಅಪಾಯ ಇದೆ ಅಂತ ಯಾರು ನಿರ್ಧರಿಸಬೇಕು, ಹೇಗೆ ನಿರ್ಧರಿಸಬೇಕು ಎಂಬ ಕಾನೂನನ್ನು ಅಲ್ಲಿನ ಸಂಸತ್ತು 20 ವರ್ಷಕ್ಕೂ ಜಾಸ್ತಿ ಮಾಡಲೇ ಇಲ್ಲ.

'ಕೋರ್ಟ್ ಹೇಳಿಯಾಗಿದೆಯಲ್ಲ, ಮತ್ತೆ ಕಾನೂನು ಯಾಕೆ?' ಅಂತ ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ 2010ರ ಯುರೋಪಿಯನ್ ಮಾನವ ಹಕ್ಕುಗಳ ಕೋರ್ಟಿನ ತೀರ್ಪು ಹೇಳಿ. ಅಪರೂಪದ ಕ್ಯಾನ್ಸರ್‌ನಿಂದ ಚೇತರಿಸಿಕೊಂಡಿದ್ದ ಒಬ್ಬ ಹೆಂಗಸಿಗೆ, ಗರ್ಭ ನಿಂತ ಮೇಲೆ, ತನಗೆ ಗರ್ಭಪಾತದ ಹಕ್ಕಿದೆಯೋ ಇಲ್ಲವೋ ಎಂದು ತಿಳಿದುಕೊಳ್ಳುವ ದಾರಿಯೇ ಐರ್ಲೆಂಡಿನಲ್ಲಿ ಇರಲಿಲ್ಲ. ಅದನ್ನೇ ಆ ಕೋರ್ಟ್ ತಪ್ಪು ಎಂದಿತು. ಹಕ್ಕು ತೀರ್ಪಿನಲ್ಲಿ ಮಾತ್ರ ಇದ್ದರೆ ಆಸ್ಪತ್ರೆಯಲ್ಲಿ ಅದು ಯಾರ ಕೈಗೂ ಸಿಗುವುದಿಲ್ಲ.

ಬೆಳಗಾವಿಯ ಸವಿತಾ ಹಾಲಪ್ಪನವರ್ ವಿಷಯ ಹೇಳದೆ ಈ ವಾದ ಮುಗಿಯುವುದಿಲ್ಲ. ಆದರೆ ಎಚ್ಚರಿಕೆಯಿಂದ ಹೇಳಿ. 31 ವರ್ಷದ ಡೆಂಟಿಸ್ಟ್, 17 ವಾರದ ಗರ್ಭಿಣಿ. 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೇ ಆಸ್ಪತ್ರೆಗೆ ಸೇರಿದರು. ಗರ್ಭ ಉಳಿಯುವುದಿಲ್ಲ ಎಂದು ಡಾಕ್ಟರುಗಳಿಗೆ ಗೊತ್ತಿತ್ತು, ಆಕೆ ಗರ್ಭಪಾತ ಮಾಡಿ ಅಂತ ಕೇಳಿಕೊಂಡರು, ಭ್ರೂಣದ ಎದೆಬಡಿತ ಇದೆ ಅಂತ ಮಾಡಲಿಲ್ಲ, ಸೋಂಕು ರಕ್ತಕ್ಕೆ ಹರಡಿ ಅಕ್ಟೋಬರ್ 28ರಂದು ತೀರಿಕೊಂಡರು. 'ಅದು ಸೋಂಕನ್ನು ಸರಿಯಾಗಿ ಗಮನಿಸದೆ ಆದ ಸಾವು, ಕಾನೂನಿಗೂ ಅದಕ್ಕೂ ಸಂಬಂಧವಿಲ್ಲ' ಎಂದು ಎದುರಿನವರು ಹೇಳುತ್ತಾರೆ. ಮೊದಲನೇ ಅರ್ಧ ನಿಜ, ಒಪ್ಪಿಕೊಳ್ಳಿ. ತನಿಖಾ ವರದಿ ಆರೈಕೆಯ ಲೋಪಗಳನ್ನು ಎತ್ತಿ ತೋರಿಸಿತು. ಎದೆಬಡಿತ ನಿಲ್ಲುವ ತನಕ ಕಾಯಬೇಕು ಎಂಬುದಕ್ಕೇ ಒತ್ತು ಹೆಚ್ಚಾಗಿತ್ತು, ಕಾನೂನನ್ನು ಅರ್ಥಮಾಡಿಕೊಂಡ ರೀತಿಯೂ ಇದಕ್ಕೆ ಕಾರಣ ಅಂತಲೂ ಅದೇ ವರದಿ ಹೇಳಿತು. ಎರಡನ್ನೂ ಹೇಳಿದರೆ ನಿಮ್ಮ ಮಾತು ಯಾರೂ ತಳ್ಳಿಹಾಕಲಾಗದು.

ಇನ್ನು ಮಸೂದೆ ಕೈಗೆ ಬಂದಾಗ ಏನು ನೋಡಬೇಕು? ಸುಮ್ನೆ 'ಕಾನೂನು ಬಂತು' ಅಂತ ಖುಷಿಪಡಬೇಡಿ. ಎಷ್ಟು ಡಾಕ್ಟರುಗಳ ಒಪ್ಪಿಗೆ ಬೇಕು, ಅವರು ಬೇಡ ಅಂದರೆ ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ಉತ್ತರ, ಇವನ್ನು ಹುಡುಕಿ. ಐರ್ಲೆಂಡಿನ 2013ರ ಕಾನೂನಿನಲ್ಲಿ ದೈಹಿಕ ಅಪಾಯಕ್ಕೆ ಇಬ್ಬರು, ತುರ್ತು ಸ್ಥಿತಿಯಲ್ಲಿ ಒಬ್ಬರು, ಆತ್ಮಹತ್ಯೆಯ ಅಪಾಯಕ್ಕೆ ಮೂವರು ಡಾಕ್ಟರುಗಳು ಒಪ್ಪಬೇಕಿತ್ತು. ಆತ್ಮಹತ್ಯೆಯ ಯೋಚನೆಯಲ್ಲಿರುವವಳನ್ನು ಮೂವರ ಮುಂದೆ ಕೂರಿಸುವುದು ನನಗೆ ಕ್ರೂರವಾಗಿಯೇ ಕಾಣುತ್ತದೆ.

'ಜೀವ' ಮತ್ತು 'ಆರೋಗ್ಯ' ಈ ಎರಡು ಪದಗಳನ್ನೂ ಗಮನಿಸಿ. 2013ರ ಕಾನೂನು ಜೀವ ಅಂತ ಮಾತ್ರ ಹೇಳಿತ್ತು. ಆರೋಗ್ಯ ಕೆಡುತ್ತಾ ಕೆಡುತ್ತಾ ಯಾವ ಗಳಿಗೆಯಲ್ಲಿ ಜೀವಕ್ಕೆ ಅಪಾಯವಾಗುತ್ತದೆ ಅಂತ ಯಾವ ಡಾಕ್ಟರೂ ಗಡಿಯಾರ ನೋಡಿ ಹೇಳಲಾರರು, ಆ ಗಳಿಗೆಗಾಗಿ ಕಾಯುವುದೇ ಅಪಾಯ ಅಲ್ವಾ? 2018ರಲ್ಲಿ 66.4% ಜನ ಸಂವಿಧಾನದ ಆ 1983ರ ತಿದ್ದುಪಡಿ ತೆಗೆಯಲು ಮತ ಹಾಕಿದ ಮೇಲೆ ಬಂದ ಕಾನೂನಿನಲ್ಲಿ ಆರೋಗ್ಯಕ್ಕೆ ಆಗುವ ಗಂಭೀರ ಹಾನಿಯನ್ನೂ ಸೇರಿಸಿದರು.

ಕೊನೆಗೆ ಶಿಕ್ಷೆಯ ಕಲಂ ಓದಿ. 2013ರಲ್ಲಿ 14 ವರ್ಷದವರೆಗೆ ಜೈಲು, ಹೆಂಗಸಿಗೂ. 2018ರ ಕಾನೂನು ಆಕೆಯನ್ನು ಬಿಟ್ಟಿತು, ಡಾಕ್ಟರನ್ನು ಬಿಡಲಿಲ್ಲ. ನಿಮ್ಮ ಜನಪ್ರತಿನಿಧಿಗೆ ಪತ್ರ ಬರೆಯುವಾಗ ಇದನ್ನೇ ಮೊದಲ ಸಾಲಿನಲ್ಲಿ ಕೇಳಿ: ಒಳ್ಳೆಯ ಮನಸ್ಸಿನಿಂದ ಜೀವ ಉಳಿಸಲು ಹೋದ ಡಾಕ್ಟರ್ ಜೈಲಿಗೆ ಹೆದರಬೇಕಾ, ಬೇಡವಾ?